ಗೋಡೆಯಾಚೆಯ ರೊಟ್ಟಿ ಸಪ್ಪಳ

ಶಹಾಬಾದಿನ ನಮ್ಮ ಓಣಿಯಲ್ಲಿ ಹದಿನಾರು ಮನೆ. ಗೋಡೆಗೂ ಕಲ್ಲು, ಛತ್ತಿಗೂ ಕಲ್ಲು, ಬಚ್ಚಲಿಗೂ ಕಲ್ಲು. ಎರಡೆರಡು ಮನೆಗೆ ನಡುವೆ ಒಂದೇ ಗೋಡೆ, ಆಚೆಯವರು ಸೀನಿದರೂ ಈಚೆ ಕೇಳುತ್ತದೆ. ಬೆಳಗ್ಗೆ ಆರಕ್ಕೆಲ್ಲ ಎಲ್ಲ ಮನೆಗಳಲ್ಲೂ ಜೋಳದ ರೊಟ್ಟಿ ಬಡಿಯುವ ಸಪ್ಪಳ ಶುರುವಾಗುತ್ತಿತ್ತು. ಯಾವುದಾದರೂ ಮನೆಯಿಂದ ಅದು ಕೇಳಲಿಲ್ಲವೆಂದರೆ ಪಕ್ಕದ ಮನೆಯವಳು ಹಿಟ್ಟಿನ ಕೈಯಲ್ಲೇ ಹೋಗಿ ಬಾಗಿಲು ತಟ್ಟುವಳು. “ಯಾಕವ್ವಾ, ಆರಾಮ ಅದೀ ಇಲ್ಲೋ?” ಎಂದು ಕೇಳಿ, ಉತ್ತರ ಸಿಕ್ಕರೆ ವಾಪಸು. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ.

ನನ್ನ ಗೋಡೆಯಾಚೆ ಖಾಲಾ, ಓಣಿಗೆಲ್ಲ ಚಿಕ್ಕಮ್ಮ. ಗಂಡ ಕಲ್ಲು ಪಾಲಿಶ್ ಮಾಡುತ್ತ ಎದೆ ಕೆಡಿಸಿಕೊಂಡು ತೀರಿಹೋದವರು. ಮಕ್ಕಳಿಲ್ಲ. ನಾನೂ ಒಂಟಿ, ಶಾಲೆಯಿಂದ ನಿವೃತ್ತಳಾದವಳು, ಸಿಟ್ಟು ಸದಾ ಮೂಗಿನ ತುದಿಯಲ್ಲೇ. ಓಣಿಯವರಂತೆ ಖಾಲಾ ಕೂಡ ನನ್ನನ್ನು ‘ಅಕ್ಕೋರೇ’ ಎಂದೇ ಕರೆಯುತ್ತಿದ್ದರು. ಆದರೆ ನನ್ನ ರೊಟ್ಟಿಗೆ ಮಾತ್ರ ಮರ್ಯಾದೆ ಇರಲಿಲ್ಲ.

“ಇದು ರೊಟ್ಟಿ ಅಲ್ಲರಿ ಅಕ್ಕೋರ, ಹಿಂದೂಸ್ತಾನದ ನಕಾಶಾ ಅದ!”

ರೊಟ್ಟಿಯಿಂದಲೇ ಓಣಿ ತನ್ನ ಕಾಲ ಮೇಲೆ ನಿಲ್ಲಬಹುದೆಂದು ಹೊಳೆದದ್ದು ನನಗೆ. ಹೆಂಗಸರು ಸೇರಿ ಸಂಘ ಕಟ್ಟಿದೆವು. ಮನೆಮನೆಯಲ್ಲಿ ಬಡಿದ ಖಡಕ್ ರೊಟ್ಟಿ ವಾಡಿ, ಸೇಡಂ, ಚಿತ್ತಾಪುರದ ಖಾನಾವಳಿಗಳಿಗೆ ಹೋಗತೊಡಗಿತು. ಉಳಿದ ಹಣದಲ್ಲಿ ಓಣಿಗೆ ದೀಪ ಹಾಕಿಸಿದೆವು, ಬಾಣಂತಿಯರಿಗೆ ತುಪ್ಪ ಕೊಟ್ಟೆವು, ಬಿದ್ದವರನ್ನು ಆಸ್ಪತ್ರೆಗೆ ಒಯ್ದೆವು. ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಸುಮ್ಮನಿರುವುದು ನನಗೆಲ್ಲಿ ಗೊತ್ತು? ಓಡಾಡಿ, ಅರ್ಜಿ ಬರೆದು, ಓಣಿಯ ತುದಿಯ ಶೆಡ್ಡಿಗೆ ರೊಟ್ಟಿ ಮಷಿನ್ ತರಿಸಿಬಿಟ್ಟೆ. ಇನ್ನು ಮನೆಯಲ್ಲಿ ಯಾರೂ ಬಡಿಯಬೇಕಾಗಿಲ್ಲ, ನಸುಕಿಗೇ ಎಲ್ಲರೂ ಶೆಡ್ಡಿಗೆ ಬರಬೇಕು ಎಂದೆ.

ಖಾಲಾಗೆ ಮೊಣಕಾಲು ನೋವು, ಮಷಿನ್ ಮುಂದೆ ನಿಲ್ಲಲಾಗದು. “ನಿಮ್ಮ ಪಾಲು ನಿಮ್ಮ ಮನಿಗೇ ಬರ್ತದ ಖಾಲಾ, ಮಧ್ಯಾಹ್ನದ ಬುತ್ತೀನೂ ಬರ್ತದ,” ಎಂದೆ.

“ಕುಂತು ತಿನ್ನಾಕ ನಾ ಏನ್ ನವಾಬನ ಬೇಗಮ್ ಏನ್ರಿ?”

“ವಯಸ್ಸಾದ ಮ್ಯಾಲ ಸುಮ್ಮ ಕುಂದ್ರಬೇಕ್ರಿ!” ಎಂದು ಗದರಿದೆ. ಒಳ್ಳೆಯದನ್ನೇ ಮಾಡಿದೆನೆಂದು ನಂಬಿದ್ದೆ. ಮನೆಗಳಲ್ಲಿ ಸಪ್ಪಳ ನಿಂತದ್ದು ನನ್ನ ಗಮನಕ್ಕೇ ಬರಲಿಲ್ಲ.

ಚಳಿಗಾಲದ ಒಂದು ಮಧ್ಯಾಹ್ನ ಬುತ್ತಿ ಹಿಡಿದು ಹೋದೆ. ಕರೆದರೆ ಉತ್ತರವಿಲ್ಲ. ಬಾಗಿಲು ನೂಕಿ ಒಳಗೆ ಹೋದರೆ ಖಾಲಾ ಬಚ್ಚಲ ಪಕ್ಕ, ನನ್ನ ಮನೆಯ ಗೋಡೆಗೆ ಒರಗಿ ಬಿದ್ದಿದ್ದರು. ಕಾಲು ವಕ್ರವಾಗಿತ್ತು. ಬಲಗೈ ಅಂಗೈ ಕೆಂಪಗೆ ಬಾತಿತ್ತು.

“ನಸುಕಿನ್ಯಾಗೇ ಬಿದ್ದೀನ್ರಿ,” ಎಂದರು, ದನಿಯೇ ಇರಲಿಲ್ಲ. “ಬಡದೀನಿ... ರೊಟ್ಟಿ ಬಡದಂಗ, ಗೋಡಿಗೆ. ಭಾಳ ಹೊತ್ತು ಬಡದೀನಿ. ನೀವು ಆಚೀಕಡೆ ಅದೀರಿ ಅಂತ ತಿಳದಿದ್ದೆ.”

ಅಯ್ಯ ಶಿವನೇ! ಅವರು ಬಡಿಯುತ್ತಿದ್ದಾಗ ನಾನು ಶೆಡ್ಡಿನಲ್ಲಿ, ರೊಟ್ಟಿ ಎಲ್ಲ ಒಂದೇ ಅಳತೆಗೆ ಬೀಳುತ್ತಿವೆ ಎಂದು ಹಿಗ್ಗುತ್ತ ನಿಂತಿದ್ದೆ. ದೀಪದ ಬುಡದಲ್ಲೇ ಕತ್ತಲೆ ಅಂದರೆ ಇದೇ. ಊರಿಗೆಲ್ಲ ಆಸರೆ ಕಟ್ಟಲು ಹೊರಟವಳು ಪಕ್ಕದ ಮನೆಯ ಆಸರೆಯನ್ನೇ ಕಿತ್ತಿದ್ದೆ. ನಾಚಿಕೆಯಿಂದ ಅವತ್ತು ಯಾರ ಮುಖವನ್ನೂ ನೋಡಲಾಗಲಿಲ್ಲ.

ಕಲಬುರಗಿಯಲ್ಲಿ ಆಪರೇಶನ್ ಆಯಿತು. ಖಾಲಾ ಮನೆಗೆ ಬಂದ ದಿನವೇ ಚಿಂಚೋಳಿಯಿಂದ ಅವರ ತಂಗಿಯ ಮಗ ಗಾಡಿ ತಂದ.

“ಸಿಟ್ಟಾಗಬ್ಯಾಡ್ರಿ ಅಕ್ಕೋರ,” ಎಂದ. “ಇಷ್ಟು ಮಂದಿ ಇದ್ದೂ ಮಧ್ಯಾಹ್ನದ ತನಕ ಗೊತ್ತಾಗಿಲ್ಲಂದ್ರ, ಖಾಲಾನ ಇಲ್ಲಿ ಹ್ಯಾಂಗ ಬಿಡಲಿ?”

ಖಾಲಾ ಮುಖ ಗೋಡೆಗೆ ತಿರುಗಿಸಿ, “ನನ್ನ ಗಂಡ ಇದೇ ಊರ ಮಣ್ಣಾಗ ಮಲಗ್ಯಾನ. ನಾ ಎಲ್ಲಿಗೂ ಬರಂಗಿಲ್ಲ,” ಎಂದು ಅಳುತ್ತಿದ್ದರು. ಎರಡು ದಿನ ಇದ್ದು ನೋಡಪ್ಪಾ ಎಂದು ಅವನ ಕೈಹಿಡಿದು ಕೇಳಿಕೊಂಡೆ.

ಸಂಜೆ ಹೆಂಗಸರನ್ನು ಕೂಡಿಸಿ ಹೇಳಿದೆ: ಬೆಳಗಿನ ರೊಟ್ಟಿ ಮತ್ತೆ ಮನೆಮನೆಯಲ್ಲೇ ಆಗಲಿ, ಮಷಿನ್ ಮಧ್ಯಾಹ್ನ, ಮದುವೆ ಆರ್ಡರಿಗೆ ಮಾತ್ರ.

“ಮಷಿನ್ ಬೇಕಂದವ್ರೂ ನೀವೇ, ಬ್ಯಾಡ ಅನ್ನವ್ರೂ ನೀವೇ!” ಎಂದಳು ಎದುರು ಮನೆಯವಳು. “ದೊಡ್ಡ ಖಾನಾವಳಿ ಕೈ ಬಿಟ್ಟು ಹೋಗ್ತದ.”

“ಹೋಗಲವ್ವಾ. ನನ್ನ ಬುದ್ಧಿಗೆ ಮಣ್ಣು ಬಿದ್ದಿತ್ತು,” ಎಂದೆ. ನಾನು ತಪ್ಪೊಪ್ಪಿಕೊಂಡದ್ದನ್ನು ಕಂಡೇ ಅರ್ಧ ಮಂದಿ ದಂಗಾದರು. ಇನ್ನೊಂದನ್ನೂ ಗೊತ್ತುಮಾಡಿದೆವು. ಪ್ರತಿ ಮನೆಯ ಮೊದಲ ರೊಟ್ಟಿ ಖಾಲಾನ ಮಂಚದ ಹತ್ತಿರ ಹೋಗಬೇಕು, ಅವರು ಪಾಸು ಮಾಡಿದ ಮೇಲೆಯೇ ಉಳಿದದ್ದು ಕಟ್ಟಬೇಕು.

ಮರುದಿನ ಆರಕ್ಕೆ ಓಣಿ ತುಂಬ ಸಪ್ಪಳ. ಹದಿನೈದು ರೊಟ್ಟಿ ಒಂದರ ಹಿಂದೊಂದು ಖಾಲಾನ ಮನೆಗೆ ಬಂದವು. ಮಂಚದ ಮೇಲೆ ಒರಗಿ ಕೂತು ಒಂದೊಂದನ್ನೂ ಬೆಳಕಿಗೆ ಹಿಡಿದು, ಅಂಚು ಮುರಿದು ನೋಡಿದರು. ಒಂದನ್ನು ಮಾತ್ರ ವಾಪಸು ಕಳಿಸಿದರು, ಅದು ನನ್ನದು. ತಪ್ಪು ಹುಡುಕಿ ಹುಡುಕಿ ಬೈಯುತ್ತಿದ್ದ ಖಾಲಾನನ್ನು ತಂಗಿಯ ಮಗ ಬಾಗಿಲಲ್ಲಿ ನಿಂತು ನೋಡಿದ. ಮೂರನೆಯ ದಿನ ಖಾಲಿ ಗಾಡಿ ತೆಗೆದುಕೊಂಡು ಹೋದ.

ಈ ಶ್ರಾವಣದಲ್ಲಿ ನನಗೆ ಜ್ವರ ಬಂತು. ಬೆಳಗ್ಗೆ ಆರು ಗಂಟೆಯಾದರೂ ಏಳಲಾಗಲಿಲ್ಲ. ನಾನು ಬಡಿಯುವ ನಕಾಶೆ ಒಂದು ದಿನ ಇಲ್ಲದಿದ್ದರೆ ಯಾರಿಗೇನು ಎಂದುಕೊಂಡು ಮಗ್ಗುಲಾದೆ. ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು. ಗೋಡೆ ಹಿಡಿದು ಹೋಗಿ ಚಿಲಕ ತೆಗೆದೆ. ಆಸ್ಪತ್ರೆಯಿಂದ ಬಂದ ಮೇಲೆ ಒಮ್ಮೆಯೂ ಹೊಸ್ತಿಲು ದಾಟದ ಖಾಲಾ, ಕೋಲು ಊರಿ, ಬರಿಗಾಲಲ್ಲಿ, ಬೆವರಿ ನಿಂತಿದ್ದರು. ಅಕ್ಕೋರೇ ಎನ್ನಲಿಲ್ಲ.

“ಯಾಕವ್ವಾ,” ಎಂದರು, “ಆರಾಮ ಅದೀ ಇಲ್ಲೋ?”