ಎದೆಯೊಳಗಿನ ಮರ್ಮರ

ಶಾಲೆಯ ಮಕ್ಕಳನ್ನು ತಪಾಸಣೆ ಮಾಡಲು ಬಂದಿದ್ದ ಡಾಕ್ಟರು, ನಿಮ್ಮದನ್ನೂ ನೋಡಿಬಿಡೋಣ ಎಂದು ನನ್ನ ಎದೆಗೂ ಸ್ಟೆಥಾಸ್ಕೋಪ್ ಹಚ್ಚಿದರು. ಹಚ್ಚಿದವರು ಬಹಳ ಹೊತ್ತು ತೆಗೆಯಲೇ ಇಲ್ಲ. ಆಮೇಲೆ ಚೀಟಿಯಲ್ಲಿ ಇಂಗ್ಲಿಷಿನ ಒಂದೇ ಒಂದು ಶಬ್ದ ಬರೆದುಕೊಟ್ಟು, ಹೆರಿಗೆಗೆ ಮುಂಚೆ ಬಿಜಾಪುರದ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿ, ಹೆದರಬೇಡಿ ಎಂದರು. ಡಾಕ್ಟರು ಹಾಗೆಂದ ಮೇಲೆ ಹೆದರದವರನ್ನು ನಾನಂತೂ ಕಂಡಿಲ್ಲ.

ಎಪ್ಪತ್ತರ ದಶಕದ ಮೊದಮೊದಲ ಮಾತಿದು. ನಾನಾಗ ಸಿಂದಗಿಯಲ್ಲಿ ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿ, ಐದು ತಿಂಗಳ ಬಸುರಿ. ಚೀಟಿಯಲ್ಲಿದ್ದ ಶಬ್ದ ‘ಮರ್ಮರ್’. ಇಂಗ್ಲಿಷ್ ಕಲಿಸುವವಳಿಗೇ ಅದರ ಅರ್ಥ ಗೊತ್ತಿರಲಿಲ್ಲ. ನನ್ನ ಇಂಗ್ಲಿಷು ಬೆಕ್ಕು, ನಾಯಿ, ಆಕಳು ದಾಟಿ ಮುಂದೆ ಹೋಗಿರಲೂ ಇಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಕಪಾಟಿನಿಂದ ದಪ್ಪ ನಿಘಂಟು ತೆಗೆದು ಕೂತೆ. ಹರಿಯುವ ನೀರಿನ, ಜೇನುಹುಳಗಳ ಸಣ್ಣ ಸದ್ದು ಎಂದಿತ್ತು. ಪಿಸುಮಾತು ಎಂದಿತ್ತು. ಬಾಯಿಬಿಟ್ಟು ಹೇಳದೆ ಒಳಗೊಳಗೇ ಗೊಣಗುವುದು ಎಂದೂ ಇತ್ತು. ಇಷ್ಟೇನಾ ಎಂದು ಉಸಿರು ಬಿಡುವಷ್ಟರಲ್ಲಿ ಕೊನೆಯ ಅರ್ಥ ಕಣ್ಣಿಗೆ ಬಿತ್ತು: ಹೃದಯದಲ್ಲಿ ಕೇಳಿಸುವ, ಇರಬಾರದ ಸದ್ದು.

ಅದರ ಮೂಲ ಲ್ಯಾಟಿನ್ ಎಂದೂ, ಸಂಸ್ಕೃತದಲ್ಲಿ ಅದಕ್ಕೊಬ್ಬ ನಂಟನಿದ್ದಾನೆಂದೂ ಬರೆದಿತ್ತು. ಸಂಸ್ಕೃತದ ಮಾಸ್ತರರನ್ನು ಕೇಳಿದೆ, ಯಾಕೆಂದು ಹೇಳಲಿಲ್ಲ. ಅವರಿಗೆ ಹಿಗ್ಗೋ ಹಿಗ್ಗು. ನಮ್ಮದೇ ‘ಮರ್ಮರ’ವಲ್ಲವೇ, ಒಣಗಿದ ಎಲೆ ಗಾಳಿಗೆ ಸರಗುಟ್ಟುವ ಸದ್ದು, ಸದ್ದಿನಿಂದಲೇ ಹುಟ್ಟಿದ ಶಬ್ದ ಎಂದು ಅಂಗಳದ ಅರಳಿಮರದ ಕಡೆ ಕೈ ಮಾಡಿ ತೋರಿಸಿದರು. ಅವರ ವಿದ್ವತ್ತಿಗೆ ಬೆಂಕಿ ಬೀಳಲಿ ಎಂದುಕೊಂಡೆ. ಒಣಗಿದ ಎಲೆ ನನ್ನ ಎದೆಯೊಳಗೆ ಯಾಕಿರಬೇಕು?

ಚೀಟಿಯನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಬಚ್ಚಿಟ್ಟೆ. ಗಂಡನಿಗೂ ಹೇಳಲಿಲ್ಲ. ಸಾಯುವ ಹೆದರಿಕೆ ಇತ್ತು, ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ನಮ್ಮ ಓಣಿಯಲ್ಲೇ ಒಬ್ಬ ಸೊಸೆಗೆ ಮೂರ್ಛೆರೋಗವೆಂದು ಗೊತ್ತಾಗಿ, ರೋಗ ಮುಚ್ಚಿಟ್ಟು ಕೊಟ್ಟರೆಂದು ತವರಿಗೆ ಕಳಿಸಿದವರು ಮತ್ತೆ ಕರೆಯಲೇ ಇಲ್ಲ. ಚೊಚ್ಚಲ ಹೆರಿಗೆಗೆ ಹೇಗೂ ತವರಿಗೆ ಹೋಗುವುದು ಪದ್ಧತಿ. ನನ್ನನ್ನು ಹಾಗೇ ಬಿಟ್ಟುಬಿಡುವುದಕ್ಕೆ ಅದಕ್ಕಿಂತ ಸುಲಭದ ನೆಪ ಬೇಕಿರಲಿಲ್ಲ.

ನಮ್ಮ ಕಡೆ ಜೋಳದ ರೊಟ್ಟಿಯನ್ನು ಕೈಯಿಂದ ಬಡಿಯುತ್ತೇವೆ. ಬಡಿತ ಕೇಳಿಯೇ, ಒಲೆಯ ಮುಂದೆ ಕೂತವರು ಯಾರು, ರೊಟ್ಟಿ ದಪ್ಪವೋ ತೆಳುವೋ ಎಂದು ಹೊರಗಿನವರು ಹೇಳುತ್ತಾರೆ. ಒಂದು ಬೆಳಿಗ್ಗೆ ಪಡಸಾಲೆಯಲ್ಲಿ ಬೇಳೆ ಆರಿಸುತ್ತಿದ್ದ ಅತ್ತೆ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದರು.

“ಮೂರನೇ ರೊಟ್ಟಿಗೆ ದಮ್ಮು ಹತ್ತಿ ನಿನ್ನ ಕೈ ನಿಲ್ತೈತಿ. ಹದಿನೈದು ದಿನ ಆತು, ಕೇಳಾಕತ್ತೇನಿ. ಏನಾಗೇತಿ ಹೇಳು.”

ಇನ್ನು ಮುಚ್ಚಿಡುವ ಧೈರ್ಯ ಉಳಿಯಲಿಲ್ಲ. ಚೀಟಿ ತಂದು ಕೈಗಿಟ್ಟೆ. ಅವರಿಗೆ ಕನ್ನಡವೂ ಓದಲು ಬರುತ್ತಿರಲಿಲ್ಲ. ತಿರುಗಿಸಿ ತಿರುಗಿಸಿ ನೋಡಿ, ಏನು ಬರೆದಿದೆ ಎಂದರು.

“ಎದಿಯೊಳಗ ಸಪ್ಪಳ ಐತಂತ್ರಿ, ಅತ್ತಿ.”

ಅತ್ತೆ ನನ್ನನ್ನು ಬದಿಗೆ ಸರಿಸಿ ತಾವೇ ರೊಟ್ಟಿಗೆ ಕೂತರು. ಅಂದಿನಿಂದ ಒಲೆಯ ಹತ್ತಿರ ಸೇರಿಸಲಿಲ್ಲ, ಕೊಡ ಮುಟ್ಟಿಸಲಿಲ್ಲ. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಆ ಮೌನಕ್ಕೆ ನಾನು ಕೊಟ್ಟುಕೊಂಡ ಅರ್ಥ ಒಂದೇ: ತವರಿನಿಂದ ಜನ ಬರುವ ದಿನಕ್ಕೆ ಕಾಯುತ್ತಿದ್ದಾರೆ. ಏಳನೇ ತಿಂಗಳಲ್ಲಿ ಕುಬಸ ಮಾಡಿದರು. ಹಸಿರು ಸೀರೆ ಉಟ್ಟು, ಹಸಿರು ಬಳೆ ತೊಟ್ಟು ಆರತಿಗೆ ಕೂತಿದ್ದಾಗಲೂ ನಾನು ನೋಡುತ್ತಿದ್ದದ್ದು ಅತ್ತೆಯ ಮುಖವನ್ನೇ.

ಮಾರನೆಯ ದಿನ ಕನ್ನೊಳ್ಳಿಯಿಂದ ಅಪ್ಪ ಚಕ್ಕಡಿ ಕಟ್ಟಿಕೊಂಡು ಬಂದ. ನಾನು ಟ್ರಂಕು ತುಂಬಿಸಿಟ್ಟಿದ್ದೆ, ಚೀಟಿಯನ್ನೂ ಸೇರಿಸಿ. ಮತ್ತೆ ಈ ಹೊಸ್ತಿಲು ತುಳಿಯುತ್ತೇನೆಂಬ ನಂಬಿಕೆ ಇರಲಿಲ್ಲ. ಅತ್ತೆ ಬಾಗಿಲಿಗೆ ಅಡ್ಡ ನಿಂತು, ಕಳಿಸುವುದಿಲ್ಲ, ಬಿಜಾಪುರದ ಆಸ್ಪತ್ರೆಯಲ್ಲೇ ಹಡೆಯಲಿ ಎಂದರು. ಅಪ್ಪನಿಗೆ ಅವಮಾನವಾಯಿತು. ಮೊದಲ ಬಾಣಂತನ ಮಾಡುವ ಯೋಗ್ಯತೆ ನಮಗಿಲ್ಲವೇ, ಊರವರಿಗೆ ಏನು ಹೇಳಲಿ ಎಂದು ಮುಖ ಕೆಂಪಗೆ ಮಾಡಿಕೊಂಡ.

ಈ ಮನೆಗೊಬ್ಬ ಮಗಳಿದ್ದಳು, ತೀರಿಕೊಂಡಳು ಎಂದಷ್ಟೇ ನಾನು ಕೇಳಿದ್ದೆ. ಹೇಗೆ ಎಂದು ಯಾರೂ ಹೇಳಿರಲಿಲ್ಲ.

“ನನ್ನ ಮಗಳಿಗೂ ಹಿಂಗ ದಮ್ಮು ಹತ್ತತಿತ್ತು,” ಎಂದರು ಅತ್ತೆ. “ಮೈಗಳ್ಳಿ ಅಂತ ಬೈದೆ. ಹಡ್ಯಾಕಂತ ನಾನೂ ಚಕ್ಕಡಿ ಕಟಗೊಂಡು ಹೋಗಿ ಕರಕೊಂಡು ಬಂದಿದ್ದೆ, ಬೀಗರ. ತಿರುಗಿ ಗಂಡನ ಮನಿಗೆ ಕಳಸೂದು ಆಗ್ಲಿಲ್ಲ.”

ಅಪ್ಪ ತಲೆಯ ಮೇಲಿನ ರುಮಾಲು ತೆಗೆದು ಕಟ್ಟೆಯ ಮೇಲೆ ಕೂತ. ಆ ವಾರವೇ ನಾನೂ ಅತ್ತೆಯೂ ಬಿಜಾಪುರದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವರು ನನ್ನ ಮುಂಗೈ ಹಿಡಿದುಕೊಂಡೇ ಕೂತಿದ್ದರು, ಮತ್ತು ನನಗಿಂತ ಹೆಚ್ಚು ಹೆದರಿದ್ದರು.