ಅವ್ವ ಕೂಗದ ಆರು ಚೆಂಡು

ಎರಡು ವರ್ಷದ ಹಿಂದಿನ ಮಾತು. ಅಂಧ ಮಹಿಳೆಯರ ರಾಷ್ಟ್ರೀಯ ಕ್ರಿಕೆಟ್ ತಂಡಕ್ಕೆ ನಮ್ಮ ಕಡೆಯ ಹುಡುಗಿಯರನ್ನು ಆರಿಸಲು ದಾವಣಗೆರೆಯಲ್ಲಿ ಟ್ರಯಲ್ಸ್ ಇಟ್ಟಿದ್ದರು. ನಾನು ನ್ಯಾಮತಿ ತಾಲ್ಲೂಕಿನ ಗೋವಿನಕೋವಿಯವಳು. ಹುಟ್ಟಿನಿಂದಲೇ ಎರಡೂ ಕಣ್ಣು ಕಾಣುವುದಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಹಿಡಿದದ್ದನ್ನು ಬಿಡುವವಳೂ ಅಲ್ಲ. ಈ ಸಲ ತಂಡ ಸೇರಿಯೇ ಸೇರುತ್ತೇನೆ ಎಂದು ಊರಿಗೆಲ್ಲ ಹೇಳಿಕೊಂಡು ಹೊರಟಿದ್ದೆ.

ನಮ್ಮ ಆಟದ ಚೆಂಡು ಗಟ್ಟಿ ಪ್ಲಾಸ್ಟಿಕ್ಕಿನದು. ಒಳಗೆ ಸಣ್ಣ ಗುಂಡುಗಳಿರುತ್ತವೆ, ಉರುಳಿದರೆ ಗಲಗಲ ಎನ್ನುತ್ತದೆ. ಆ ಸದ್ದು ಕೇಳಿಯೇ ಹೊಡೆಯಬೇಕು. ಅಂಧ ಮಕ್ಕಳ ಶಾಲೆಯ ಹಾಸ್ಟೆಲ್ ಬಿಟ್ಟು ಊರಿಗೆ ಬರುವಾಗ ಅಲ್ಲಿನ ಸರ್ ಒಂದು ಹಳೆಯ ಚೆಂಡು ಕೊಟ್ಟಿದ್ದರು. ಹಾಸ್ಟೆಲ್ಲಿನಲ್ಲಿ ನಾನು ಬರೀ ಫೀಲ್ಡಿಂಗಿಗೆ ನಿಲ್ಲುವವಳು. ಬ್ಯಾಟಿಂಗ್ ಕಲಿತದ್ದು ಊರಿನಲ್ಲಿ, ಅವ್ವನ ಬೌಲಿಂಗಿನಲ್ಲಿ.

ಅವ್ವ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಪಾತ್ರೆ ತೊಳೆದಿಟ್ಟು, ಸೆರಗು ಸಿಕ್ಕಿಸಿಕೊಂಡು, ಶಾಲೆಯ ಮೈದಾನದಲ್ಲಿ ಚೆಂಡು ಉರುಳಿಸುತ್ತಿದ್ದಳು. ಹತ್ತರಲ್ಲಿ ಎಂಟನ್ನು ನಾನು ಬಾರಿಸುತ್ತಿದ್ದೆ. ದೂರ ಹೋದ ಚೆಂಡನ್ನು ಮಾತ್ರ ಜಪ್ಪಯ್ಯ ಅಂದರೂ ಅವಳು ತರುತ್ತಿರಲಿಲ್ಲ. "ಹೊಡೆದೋಳು ನೀನು, ನೀನೇ ಹೋಗಿ ತಗಂಬಾ" ಎಂದು ಕಾಲು ಚಾಚಿ ಕುಳಿತುಬಿಡುತ್ತಿದ್ದಳು. ನಾನು ಗೊಣಗುತ್ತ ಸದ್ದಿನ ಹಿಂದೆ ಓಡುತ್ತಿದ್ದೆ.

ಟ್ರಯಲ್ಸ್ ದಿನ ಅವ್ವನನ್ನು ಹಗ್ಗದಾಚೆ ಕೂರಿಸಿ, ಉಸಿರೆತ್ತಬಾರದು ಎಂದು ಹೇಳಿದರು. ಆಚೀಚೆ ಸದ್ದಾದರೆ ನಮಗೆ ಚೆಂಡು ಕೇಳುವುದಿಲ್ಲ, ಅದಕ್ಕೆ. ನನ್ನ ಸರದಿ ಬಂತು. ಬೌಲರ್ "ರೆಡಿ?" ಎಂದಳು, ನಾನು "ಎಸ್" ಎಂದೆ. ಚೆಂಡು ಗಲಗಲ ಬಂತು, ಹೋಯಿತು. ನನ್ನ ಬ್ಯಾಟು ಅಲ್ಲಾಡಲೇ ಇಲ್ಲ. ಎರಡನೆಯದೂ ಹಾಗೇ. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆರನೆಯದು ಸ್ಟಂಪಿಗೆ ಬಡಿದಾಗ ನನಗೆ ಹೊಳೆಯಿತು. ಅಷ್ಟು ಹೊತ್ತೂ ನಾನು ಅವ್ವ "ಬಂತು" ಎನ್ನುವುದನ್ನು ಕಾಯುತ್ತ ನಿಂತಿದ್ದೆ.

ನಾನು ನಡೆಯಲು ಕಲಿತಾಗಿನಿಂದ ಅವ್ವ ಹಾಗೇ. ಮೆಟ್ಟಿಲು ಬಂತು, ಚರಂಡಿ ಬಂತು, ಬಸ್ಸು ಬಂತು. ಮೈದಾನದಲ್ಲೂ ಚೆಂಡು ನನ್ನ ಹತ್ತಿರ ಬರುವಾಗ ಅವಳ ಬಾಯಿಂದ ತಾನಾಗಿ "ಬಂತು" ಹೊರಡುತ್ತಿತ್ತು. ಅದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮೂರು ವರ್ಷ ನಾನು ಹೊಡೆದದ್ದು ಅವ್ವನ ದನಿ ಕೇಳಿ.

ಆಯ್ಕೆ ಮಾಡಲು ಬಂದಿದ್ದ ಮೇಡಂ ಬ್ಯಾಟು ಕೆಳಗಿಡಲು ಹೇಳಿದರು. ನಾಚಿಕೆಯಿಂದ ಮೈ ಹಿಡಿಯಾಗಿತ್ತು, ಆದರೂ ನಾನು ಕದಲಲಿಲ್ಲ. "ಬ್ಯಾಟಿಂಗಿಗೆ ಸೊನ್ನೆ ಹಾಕ್ರಿ ಮೇಡಂ. ನೀವು ಫೀಲ್ಡಿಂಗ್ ನೋಡೋತನಕ ನಾನು ಮನೆಗೆ ಹೋಗಾಕಿಲ್ಲ" ಎಂದೆ. ಅವರು ನಕ್ಕರೋ ಏನೋ, ಹನ್ನೆರಡು ಚೆಂಡು ಹಾಕಿಸಿದರು. ಹನ್ನೊಂದನ್ನು ತಡೆದೆ, ಒಂದನ್ನಂತೂ ಗದ್ದದಲ್ಲಿ. ಕೊನೆಗೆ ಮೇಡಂ ನನ್ನ ಕೈ ಹಿಡಿದು, ಇವತ್ತು ನಿನ್ನಷ್ಟು ಚೆನ್ನಾಗಿ ಯಾರೂ ಚೆಂಡು ತಡೆದಿಲ್ಲ, ಆದರೆ ಬ್ಯಾಟು ಹಿಡಿಯಲು ಬಾರದವಳನ್ನು ದೇಶದ ತಂಡಕ್ಕೆ ಹೇಗೆ ಕಳಿಸಲಿ, ಮುಂದಿನ ವರ್ಷ ಬಾ ಎಂದರು. ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ.

ಬಸ್ಸಿನಲ್ಲಿ ಸಿಟ್ಟೆಲ್ಲ ಅವ್ವನ ಮೇಲೆ ತೀರಿಸಿಕೊಂಡೆ. ನನ್ನ ಆಟ ಕೆಡಿಸಿದವಳು ನೀನೇ ಎಂದುಬಿಟ್ಟೆ. ಹೊನ್ನಾಳಿ ದಾಟಿದ ಮೇಲೆ ಅವಳು ಮೆಲ್ಲಗೆ, "ಎಲ್ಲಿ ಎಡವಿ ಬೀಳ್ತಿಯೋ ಅಂತ ಹುಟ್ಟಿದಾಗಿಂದ ಹೇಳ್ಕಂಡು ಬಂದೀನಿ. ಈಗ ಬಾಯಿ ಮುಚ್ಚು ಅಂದ್ರೆ ಹೆಂಗೆ ಮುಚ್ಚಲಿ?" ಎಂದಳು. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಮಾರನೆಯ ದಿನ ಸಂಜೆ ಅವ್ವ ಬಾಯಿ ತುಂಬ ಎಲೆಯಡಿಕೆ ತುಂಬಿಕೊಂಡು ಮೈದಾನಕ್ಕೆ ಬಂದಳು. ಮಾತಾಡಿದರೆ ಸೀರೆ ಕೆಂಪಾಗಬೇಕು, ಹಾಗೆ! ಮೊದಮೊದಲು ಚೆಂಡು ಹತ್ತಿರ ಬಂದಾಗ "ಊಂ" ಎನ್ನುತ್ತಿದ್ದಳು. ಅದೂ ಬೇಡವೆಂದು ರೇಗಿದೆ. ಚೆಂಡು ಬಡಿದು ಬಡಿದು ಮೊಣಕಾಲ ಕೆಳಗೆಲ್ಲ ಬಾತುಕೊಂಡಿತು. ಪ್ರತಿ ಸಲವೂ ಅವಳು ಉಸಿರು ಬಿಗಿಹಿಡಿಯುವುದು ನನಗೆ ಕೇಳುತ್ತಿತ್ತು. ಒಂದು ತಿಂಗಳು ಒಂದೂ ಸರಿಯಾಗಿ ತಾಗಲಿಲ್ಲ. ಒಂದು ದಿನವೂ ಬಿಡಲಿಲ್ಲ ನಾವು. ಬರಬರುತ್ತ ಗಲಗಲ ಸದ್ದು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಕಿವಿಗೆ ತಿಳಿಯತೊಡಗಿತು.

ಮರುವರ್ಷ ಅದೇ ಮೈದಾನ, ಅದೇ ಮೇಡಂ. ಆರರಲ್ಲಿ ನಾಲ್ಕು ಹೊಡೆದೆ. ಸಂಜೆ ಹೆಸರು ಓದಿದಾಗ ಮೂರನೆಯದು ನನ್ನದು. ಅವ್ವ ಹಗ್ಗದಾಚೆ ದೂರದಲ್ಲಿದ್ದಳು, ಅವಳಿಗೆ ಕೇಳಿಸಿರಲಿಲ್ಲ. ಯಾರದೋ ಕೈ ಹಿಡಿದು ಅವಳ ಹತ್ತಿರ ಓಡಿದೆ. ಎಲೆಯಡಿಕೆಯ ವಾಸನೆ ಬಂದ ಕೂಡಲೇ ಹೇಳಿದೆ.

"ಬಂತವ್ವಾ. ನನ್ನ ಹೆಸ್ರು ಬಂತು."

ಅವಳು ನನ್ನ ಎರಡೂ ಕೈ ಹಿಡಿದು ಮುಖಕ್ಕೆ ಒತ್ತಿಕೊಂಡಳು. ಕೈ ಒದ್ದೆಯಾಯಿತು.

ಈಗ ಯಾವ ಮೈದಾನಕ್ಕೆ ಹೋದರೂ ಚೆಂಡಿನ ಸದ್ದೊಂದನ್ನೇ ಕೇಳುತ್ತೇನೆ. ಆದರೆ ಊರಿಗೆ ಹೋದಾಗ, ಆಟ ಮುಗಿಸುವ ಮುಂಚೆ ಒಂದೇ ಒಂದು ಓವರ್, ಎಲೆಯಡಿಕೆ ಉಗಿದು ಚೆಂಡು ಉರುಳಿಸು, "ಬಂತು" ಅನ್ನು ಎಂದು ಅವ್ವನಿಗೆ ಹೇಳುತ್ತೇನೆ.