ಬೀಗರ ಮನೆಯ ಭಾಷೆ

ಮೊನ್ನೆ ಮೊಮ್ಮಗಳು ತಲೆಗೊಂದು ಬಣ್ಣದ ಬಟ್ಟೆಯ ಚೌಕ ಬಿಗಿದುಕೊಂಡು ಅಡಿಗೆಮನೆಗೆ ಬಂದಳು. ಏನದು ಎಂದು ಕೇಳಿದೆ. "ಬಂಡಾನಾ. ನಿನಗ ಗೊತ್ತಾಗಂಗಿಲ್ಲ ಬಿಡಜ್ಜಿ" ಎಂದಳು. ನನಗೆ ಹೇಳುವ ಮಾತೇ ಇದು? "ಯಾಕ ಗೊತ್ತಾಗಂಗಿಲ್ಲ? ಅಕಿ ನಮ್ಮ ಬಳಗದಾಕಿ" ಎಂದೆ. ಅಜ್ಜಿಗೆ ಅರಳುಮರಳು ಎಂಬಂತೆ ನೋಡಿದಳು. ನೀವೂ ಹಾಗೆ ನೋಡುವ ಮೊದಲು ನಮ್ಮ ಆಯಿಯ ವಿಷಯ ಹೇಳಿಬಿಡುತ್ತೇನೆ.

ಆಯಿ ಎಂದರೆ ನನ್ನ ತಂದೆಯ ತಾಯಿ. ಗಜೇಂದ್ರಗಡದಲ್ಲಿ ನಮ್ಮದು ಸೀರೆ ನೇಯುವ ಮನೆ. ಒಂದು ಮಗ್ಗದಲ್ಲಿ ಅಪ್ಪ, ಇನ್ನೊಂದರಲ್ಲಿ ಕಾಕಾ. ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುವುದು ಹೆಂಗಸರ ಕೆಲಸ. ಅವ್ವ ಒಲೆಯ ಮುಂದೆ ಕೂತಾಗ ರಾಟೆ ನನ್ನ ಪಾಲಿಗೆ ಬರುತ್ತಿತ್ತು. ನಾನು ಸುತ್ತಿದ ಕಂಡಿಕೆ ನೇಯುವಾಗ ನಡುವೆಯೇ ಸಡಿಲಾಗಿ ಉದುರುತ್ತಿತ್ತು. ಕಾಕಾ ಲಾಳಿ ನಿಲ್ಲಿಸಿ, "ಯಾರು ಸುತ್ಯಾರ ಅಂತ ಕೇಳೂದ ಬ್ಯಾಡ" ಎನ್ನುತ್ತಿದ್ದರು. ಸಾಲಿಯ, ಎಂದರೆ ಶಾಲೆಯ, ಮೇಲೆ ನನಗೆ ಅಷ್ಟು ಪ್ರೀತಿ ಹುಟ್ಟಿದ್ದು ಈ ರಾಟೆಯಿಂದಲೇ ಇರಬೇಕು.

ಐವತ್ತರ ದಶಕದ ಮಾತು. ಹೈಸ್ಕೂಲಿಗೆ ಹೋಗುವ ಹುಡುಗಿಯರು ಊರಿನಲ್ಲಿ ಬೆರಳೆಣಿಕೆಯಷ್ಟು. ನಾನು ಆಗಷ್ಟೇ ಸೇರಿದ್ದೆ. ಇಂಗ್ಲಿಷು ಅಲ್ಲಿಂದಲೇ ಶುರು. ಹೊಸ ಸೀರೆಗಳ ಉದ್ದೆಳೆಯ ಹಾಸು ಮಗ್ಗಕ್ಕೇರುವಷ್ಟರಲ್ಲಿ ನನ್ನ ಸಾಲಿ ಬಿಡಿಸಬೇಕೆಂದು ಆಯಿ ತೀರ್ಮಾನಿಸಿದಳು. ಓದು ಅಂದರೆ ಅವಳಿಗೇನೂ ಸಿಟ್ಟಿರಲಿಲ್ಲ. "ಕನ್ನಡ ಕಲತಿ, ಲೆಕ್ಕ ಕಲತಿ, ಚಲೋ ಆತು. ಈ ಇಂಗ್ಲಿಷ್ ಯಾರ ಪೈಕಿ? ಗುರುತಿಲ್ಲ, ಬಳಗಿಲ್ಲ. ಅಂಥಲ್ಲಿ ಹೆಣ್ಣ ಹುಡುಗೀನ ಹ್ಯಾಂಗ ಕಳಸೂದು?" ಎಂದಳು. ಅಪ್ಪ ತಾಯಿಗೆ ಎದುರಾಡಿದವರಲ್ಲ. ನಾನು ರಾಟೆಯ ಮುಂದೆ ಕೂತು ಅತ್ತೆ.

ನಾನು ಸಾಲಿಗೆ ಬಾರದ್ದು ಕಂಡು ಇಂಗ್ಲಿಷ್ ಮಾಸ್ತರು ಮನೆಗೇ ಬಂದರು. ರೋಣದ ಕಡೆಯವರು, ಮಾತುಗಾರರು. ಅವರು ಬಂದದ್ದು ಅಮಾವಾಸ್ಯೆಯ ದಿನ. ಅಂದು ನಮ್ಮವರು ಮಗ್ಗ ಮುಟ್ಟುವುದಿಲ್ಲ, ಹಾಗಾಗಿ ನಮ್ಮ ಓಣಿಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದು ಅಂದು ಮಾತ್ರ. ಮಾಸ್ತರ ಕಂಕುಳಲ್ಲಿ ಸಾಲಿಯ ದಪ್ಪ ಇಂಗ್ಲಿಷ್ ಶಬ್ದಕೋಶ ಇತ್ತು. ಆಯಿಯ ತಕರಾರನ್ನು ಪೂರ್ತಿ ಕೇಳಿಕೊಂಡು, "ಬಳಗ ಇಲ್ಲಂತ ಯಾರು ಹೇಳ್ಯಾರ್ರಿ? ಆ ಮೂಲ್ಯಾಗಿನ ಗೋಣಿ ಅವರಲ್ಲಿ ಹೋಗಿ ಗನ್ನಿ ಆಗೈತಿ. ನಿಮ್ಮ ಹೆಗಲಮ್ಯಾಲಿನ ಶಾಲು ಅಲ್ಲೂ ಶಾಲ ಐತಿ. ಅರಿವಿಗೆ ಗಂಟ ಕಟ್ಟಿ ಬಣ್ಣದಾಗ ಅದ್ದತಾರಲ್ರಿ, ಬಾಂಧನಿ, ಅದು ಬಂಡಾನಾ" ಎಂದರು.

ಆಯಿ ಎದ್ದು ನೆಟ್ಟಗೆ ಕೂತಳು. "ಈ ಹೆಣಮಕ್ಕಳನ್ನ ಯಾರು ಕಳಿಸಿಕೊಟ್ರು?"

"ಯಾರೂ ಕಳಸಲಿಲ್ರಿ. ಅರಿವಿ ಜೋಡಿ ಹಡಗ ಹತ್ತಿ ಹೋದ್ರು."

"ಉಡಿ ತುಂಬಲಾರದ?"

ಮಾಸ್ತರು ಇಲ್ಲವೆಂದು ತಲೆಯಾಡಿಸಿದರು. "ತಿರುಗಿ ತವರಿಗೆ ಬಂದಾರೇನು?" ಎಂದು ಆಯಿ ಕೇಳಿದಾಗ ಶಬ್ದಕೋಶ ತಟ್ಟಿ, "ಎಲ್ಲಾರೂ ಇದರಾಗ ಅದಾರ್ರಿ" ಎಂದರು. ಅವರು ಎಡವಿದ್ದು ಅಲ್ಲಿಯೇ. ಆಯಿ ಒಳಗೆ ಹೋಗಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಒಂದು ಹೊಸ ಕುಪ್ಪಸದ ಕಣ ತಂದಳು. ಮಣೆ ಹಾಕಿ ಶಬ್ದಕೋಶವನ್ನು ಕೂಡಿಸಿದಳು. ರಟ್ಟಿಗೆ ಅರಿಷಿಣ ಕುಂಕುಮ ಹಚ್ಚಿ, ತವರಿಗೆ ಬಂದ ಮಗಳಿಗೆ ಮಾಡುವಂತೆ ಶಾಸ್ತ್ರೋಕ್ತವಾಗಿ ಉಡಿ ತುಂಬಿದಳು. ಅವಳ ಕಣ್ಣು ಒದ್ದೆಯಾಗಿತ್ತು. ಮಾಸ್ತರಿಗೆ ಬೇರೆ ಚಿಂತೆ.

"ಸಾಲಿ ಪುಸ್ತಕರೀ ಇದು. ಹೆಡ್‌ಮಾಸ್ತರ ಕೇಳಿದ್ರ ಏನು ಹೇಳ್ಲಿ?"

"ಹೆಣಮಕ್ಕಳು ತವರಿಗೆ ಹೋಗಿದ್ರು ಅಂತ ಹೇಳ್ರಿ" ಎಂದಳು ಆಯಿ. ಆಮೇಲೆ ನನ್ನ ಕಡೆ ತಿರುಗಿ, "ಬೀಗರು ಅಂದಮ್ಯಾಲ ಹೋಗಿ ಬಂದು ಮಾಡಬೇಕಾಗತೈತಿ. ನಾಳಿಂದ ಹೋಗು" ಎಂದಳು.

"ಮತ್ತ ಕಂಡಿಕಿ?" ಎಂದರು ಅಪ್ಪ.

"ನಾ ಸುತ್ತತೀನಿ."

ಮಂಡಿನೋವೆಂದು ಆಯಿ ರಾಟೆ ಬಿಟ್ಟು ವರ್ಷಗಳಾಗಿದ್ದವು. ಮರುದಿನ ನಾನು ಪಾಟಿಚೀಲ ಹೆಗಲಿಗೇರಿಸುವಾಗ ಅವಳು ಗೋಡೆ ಹಿಡಿದು ಮೆಲ್ಲಗೆ ಕೂರುತ್ತಿದ್ದಳು. ಹೊಸ್ತಿಲಲ್ಲಿ ನಿಂತು ಒಮ್ಮೆ ಹಿಂತಿರುಗಿ ನೋಡಿದೆ. ಆದರೂ ಹೋದೆ. ಆಯಿಯ ಕಂಡಿಕೆ ಒಂದೂ ಉದುರುತ್ತಿರಲಿಲ್ಲವಾದ್ದರಿಂದ ನನ್ನ ವಿದ್ಯಾಭ್ಯಾಸಕ್ಕೆ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವರು ಕಾಕಾ.

ಸಂಜೆ ಮನೆಗೆ ಬಂದರೆ ಆಯಿಯದು ಒಂದೇ ಪ್ರಶ್ನೆ: "ಇವತ್ತ ನಮ್ಮವರು ಯಾರು ಸಿಕ್ರು?" ಬರಿಗೈಲಿ ಬರಲು ನಾಚಿಕೆಯಾಗಿ ನಾನು ಮಾಸ್ತರ ಶಬ್ದಕೋಶ ಜಾಲಾಡುತ್ತಿದ್ದೆ. ನನಗೆ ಇಂಗ್ಲಿಷ್ ಬಂದದ್ದು ಹೀಗೆ, ನೆಂಟರನ್ನು ಹುಡುಕುತ್ತ. ಒಂದು ದಿನ ಲೂಟಿಯೂ ಅಲ್ಲಿದೆ ಎಂದೆ. ಆಯಿ ರಾಟೆ ನಿಲ್ಲಿಸದೆ, "ಅಕೀನ ನಾವು ಕೊಟ್ಟಿಲ್ಲ. ಅವರ ಒಯ್ದಾರ" ಎಂದಳು.

ಮೆಟ್ರಿಕ್ ಪಾಸಾದಾಗ ಓಣಿಯವರೆಲ್ಲ ಮಾರ್ಕು ಕೇಳಿದರು. ಆಯಿ ಮಾತ್ರ ನನ್ನ ಗಲ್ಲ ಹಿಡಿದು, "ಬೀಗರು ಚಲೋ ನೋಡ್ಕೊಂಡ್ರೇನು?" ಎಂದಳು. ನಾನು ನಕ್ಕು ಗೆಳತಿಯ ಮನೆಗೆ ಓಡಿದೆ.

ಮುಂದೆ ನಾನು ರೋಣದಲ್ಲಿ ನಿವೃತ್ತಿಯವರೆಗೂ ಇಂಗ್ಲಿಷ್ ಕಲಿಸಿದೆ. ಆ ಭಾಷೆ ನನಗೆ ಅನ್ನ ಹಾಕಿತು, ಈ ಮನೆ ಕಟ್ಟಿಸಿತು, ಹಿರಿಯರ ಬಾಯಲ್ಲೂ "ಬರ್ರಿ ಟೀಚರ್" ಅನ್ನಿಸಿತು. ಇದನ್ನೆಲ್ಲ ಕೇಳಿದ ಮೊಮ್ಮಗಳು, "ಹಂಗಾರ ಆಯಿ ಕೇಳಿದ್ದಕ್ಕ ಏನು ಹೇಳಿದಿ?" ಎಂದಳು. ಏನೂ ಹೇಳಿರಲಿಲ್ಲ. ಅಡಿಗೆಮನೆಯಲ್ಲಿ ಮೊಮ್ಮಗಳ ಮುಂದೆಯೇ, ಇಷ್ಟು ವರ್ಷಗಳ ಮೇಲೆ, ಬಾಯಿಬಿಟ್ಟು ಹೇಳಿದೆ: "ಭಾಳ ಚಲೋ ನೋಡ್ಕೊಂಡ್ರು, ಆಯಿ."